ಹಿಂದಿನ ವಚನವನ್ನೂ ಓದಿ

ಪ್ರಶ್ನೆ: ನಾನು ಸಂಡೇ ಸ್ಕೂಲ್ ಟೀಚರ್. ನಮ್ಮ ಸಭೆಯಲ್ಲಿ ಈಗೀಗ ಪ್ರಸಂಗವೆಲ್ಲ ಆಶೀರ್ವಾದದ ಮೇಲೆಯೇ. ಮನೆ, ಕೆಲಸ, ವೀಸಾ. ಪಾಪ, ಶಿಲುಬೆ ಅಂತ ಹೇಳಿದರೆ ಜನ ಬರುವುದಿಲ್ಲವಂತೆ. ಹೊಸ ವರ್ಷಕ್ಕೆ ಸಭೆಯವರಿಗೆ ಹಂಚುವ ವಾಗ್ದಾನ ಕಾರ್ಡಿಗೆ ಯೆರೆಮೀಯ 29:11 (ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆ ಕೇಡಿನದಲ್ಲ, ಹಿತದ್ದೇ ಅನ್ನುವ ದೇವರ ಮಾತು) ಆರಿಸಿ, ಅಚ್ಚು ಹಾಕಿಸುವ ಕೆಲಸ ನನಗೆ ಕೊಟ್ಟಿದ್ದಾರೆ. ಸುವಾರ್ತೆಯನ್ನು ನಿಯತ್ತಾಗಿ ಸಾರುವುದು ಅಂದರೆ ಏನು?
(ಓದುಗರೊಬ್ಬರು, ಹಾಸನ)

ಉತ್ತರ: ಸಿಸ್ಟರ್, ಆ ವಚನದ ವಿಷಯದಲ್ಲಿ ನಾನೂ ತಪ್ಪು ಮಾಡಿದವನೇ. ಒಂದು ಜನವರಿ 1ರಂದು ಅದನ್ನೇ ಹಿಡಿದು, ಈ ವರ್ಷ ನಿಮಗೆ ಕೇಡೇ ಇಲ್ಲ ಅಂತ ಗಂಟಲು ಹರಿಯುವ ಹಾಗೆ ಸಾರಿದ್ದೆ. ಆಗಸ್ಟ್‌ನಲ್ಲಿ ಒಬ್ಬ ಅಜ್ಜಿ ಬಂದರು. ಮಗನನ್ನು ಮಣ್ಣು ಮಾಡಿ ಎರಡು ವಾರ ಆಗಿತ್ತು. ಬೈಬಲಿನ ರಟ್ಟಿನೊಳಗಿಂದ ಆ ವಚನದ ಕಾರ್ಡ್ ತೆಗೆದು ನನ್ನ ಕೈಗಿಟ್ಟು, "ಅಯ್ಯನೋರೇ, ಇದು ನನಗೂ ಹೇಳಿದ್ದಾ?" ಅಂದರು.

ಅವತ್ತು ರಾತ್ರಿ 10ನೇ ವಚನ ಓದಿದೆ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. 70 ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ ಅನ್ನುತ್ತಾನೆ ದೇವರು. ಅಂದರೆ ಅದನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರು ಕಾಣದೆ ಅಲ್ಲೇ ತೀರಿಕೊಳ್ಳುವವರು, ಅಲ್ವಾ? ಅಂಥವರಿಗೇ 5ನೇ ವಚನದಲ್ಲಿ ಮನೆ ಕಟ್ಟಿ, ತೋಟ ಮಾಡಿ ಅಂತಲೂ ಹೇಳಿದ್ದಾನೆ. ಇಷ್ಟನ್ನು ನಾನು ಜನವರಿಯಲ್ಲೇ ಹೇಳಿದ್ದರೆ ಆ ಅಜ್ಜಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ದೇವರ ವಾಕ್ಯವನ್ನು ವ್ಯಾಪಾರಕ್ಕಿಟ್ಟವರ ಬಗ್ಗೆ ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಪತ್ರ, 2ನೇ ಕೊರಿಂಥ 2:17ರಲ್ಲಿ ಹೇಳುತ್ತಾನೆ. ಅಲ್ಲಿನ ಗ್ರೀಕ್ ಪದ ಚಿಲ್ಲರೆ ಅಂಗಡಿಯವರದ್ದು, ದ್ರಾಕ್ಷಾರಸಕ್ಕೆ ನೀರು ಬೆರೆಸಿ ಮಾರುವವರನ್ನು ನೆನಪಿಸುವಂಥದ್ದು. ನಮ್ಮಲ್ಲಾದರೆ ಹಾಲಿಗೆ ನೀರು. ಲೋಟವೇನೋ ತುಂಬಿರುತ್ತದೆ. ಗಟ್ಟಿ ಹಾಲು ಯಾವುದು ಅಂದರೆ, 1ನೇ ಕೊರಿಂಥ 15ರಲ್ಲಿದೆ: ಕ್ರಿಸ್ತ ನಮ್ಮ ಪಾಪಗಳಿಗಾಗಿ ಸತ್ತ, ಅವನನ್ನು ಹೂಣಿಟ್ಟರು, ಮೂರನೇ ದಿನ ಎದ್ದು ಬಂದ. ಇದೂ ತನ್ನ ಸ್ವಂತದ್ದಲ್ಲ, ತನಗೆ ಸಿಕ್ಕಿದ್ದನ್ನೇ ನಿಮಗೆ ಒಪ್ಪಿಸಿದೆ ಅನ್ನುತ್ತಾನೆ ಪೌಲ. ವೀಸಾಕ್ಕೆ ಪ್ರಾರ್ಥನೆ ಮಾಡಿ, ಬೇಡ ಅಂದವರ್ಯಾರು? ಅದನ್ನೇ ಸುವಾರ್ತೆ ಅಂತ ಕರೆಯಬೇಡಿ, ಅಷ್ಟೇ.

ಹಾಗಂತ ಸುಮ್ನೆ ನರಕ ತೋರಿಸಿ ಹೆದರಿಸುವುದು, ಬೇರೆಯವರ ದೇವರನ್ನು ಬೈಯುವುದು ನಿಯತ್ತಲ್ಲ. ಅಥೇನೆಯಲ್ಲಿ (ಗ್ರೀಸಿನ ಅಥೆನ್ಸ್) ಪೌಲ ಅಲ್ಲಿಯವರ ಬಲಿಪೀಠವನ್ನು ಗೇಲಿ ಮಾಡಲಿಲ್ಲ, ಅವರ ಕವಿಗಳ ಮಾತನ್ನೇ ಎತ್ತಿಕೊಂಡ. ಆದರೆ ಪುನರುತ್ಥಾನದ ಮಾತನ್ನು ನುಂಗಿಕೊಳ್ಳಲೂ ಇಲ್ಲ. ಕೆಲವರು ನಕ್ಕರು. ನಗಲಿ ಬಿಡಿ.

ಸಭೆಯಲ್ಲಿ ಜಗಳ ತೆಗೆಯಬೇಡಿ. ಕಾರ್ಡಿನಲ್ಲಿ 11ರ ಜೊತೆ 10ನೇ ವಚನವನ್ನೂ ಹಾಕಿಸಿ. ಜಾಗ ಸಾಲುವುದಿಲ್ಲ ಅಂತ ಪ್ರೆಸ್‌ನವರು ಅಂದರೆ ಗುಲಾಬಿ ಹೂವಿನ ಚಿತ್ರ ತೆಗೆಸಿಬಿಡಿ.