ಗಗನ ಅಂದ್ರೆ ಕ್ವಿಂಟಲಿಗೆ ಎಷ್ಟು?

ಹೊಳಲ್ಕೆರೆಯ ಮಿತ್ರರೇ,

ನಿಮ್ಮ 'ಮಾಂತ್ರಿಕನ ಕೊನೆಯ ಮೆಟ್ಟಿಲು' ಲೇಖನ ತಲುಪಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ದೊಡ್ಡ ಮಂತ್ರಗಳ ನಿಯಮ ಹೇಗೆ ನಡೆಯುತ್ತದೆ ಅಂತ ಬರೆದು ನಮ್ಮ ಪತ್ರಿಕೆಗೆ ಕಳಿಸಿದವರಲ್ಲಿ ನೀವೇ ಮೊದಲಿಗರು. ಮೇಜಿನ ಸುತ್ತ ಕೂತು, ಡೈಸ್ ಉರುಳಿಸಿ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ ಅಂತ ಎರಡೇ ಸಾಲಲ್ಲಿ ಪರಿಚಯ ಮಾಡಿಸಿದ್ದೀರಿ, ಚೆನ್ನಾಗಿದೆ. ದುರ್ಗದ ಬಂಡೆ ಮೇಲೆ ನಿಂತ ನಿಮ್ಮ ಮಾಂತ್ರಿಕ ಓಬಣ್ಣನೂ ಇಷ್ಟವಾದ. ಕಾಗುಣಿತದ ತಪ್ಪು ಕಡಿಮೆ. ಹೊಗಳಿದ್ದು ಇಷ್ಟು ಸಾಕು.

ದಾವಣಗೆರೆಯ ಮುದುಕ ಸಂಪಾದಕನಿಗೆ ಈ ಆಟ ಏನು ಗೊತ್ತು ಅಂದುಕೊಂಡಿರಬಹುದು. ನಮ್ಮ ಅಕ್ಕನ ಮಗ, ಅವನ ಗೆಳೆಯರು ಪ್ರತಿ ಭಾನುವಾರ ನಮ್ಮ ಮಹಡಿ ಮೇಲೆ ಆಡುತ್ತಾರೆ. ಮಂಡಕ್ಕಿ ಮೆಣಸಿನಕಾಯಿ ಕೊಡೋಕೆ ಅಂತ ಹೋದವನು ಮೂರು ವರ್ಷದಿಂದ ಅಲ್ಲೇ ಕೂತಿದ್ದೇನೆ. ಅದಕ್ಕೇ ನಿಮ್ಮ ಲೇಖನ ಓದಿ ಸುಮ್ಮನಿರಲು ಆಗಲಿಲ್ಲ.

ಎರಡನೇ ಪುಟದ ಮೊದಲ ಸಾಲು: 'ಒಂಬತ್ತನೇ ಲೆವೆಲ್ ತಲುಪಿದ ಮಾಂತ್ರಿಕ ಒಂಬತ್ತನೇ ಲೆವೆಲ್ ಮಂತ್ರ ಹಾಕುತ್ತಾನೆ.' ತಪ್ಪು. ಆ ಮಾಂತ್ರಿಕನ ಕೈಗೆ ಆಗ ಸಿಗೋದು ಐದನೇ ಲೆವೆಲ್ ಮಂತ್ರ. ಒಂಬತ್ತನೆಯದಕ್ಕೆ ಅವನು 17ನೇ ಲೆವೆಲ್ ತನಕ ಕಾಯಬೇಕು. ಇದು ನಿಮಗೆ ಗೊತ್ತು. ಐದನೇ ಪುಟದಲ್ಲಿ ಸರಿಯಾಗೇ ಬರೆದಿದ್ದೀರಿ. ಎಡವಟ್ಟಾಗಿರೋದು ಪದದಿಂದ. ಮನುಷ್ಯನಿಗೂ 'ಲೆವೆಲ್', ಮಂತ್ರಕ್ಕೂ 'ಲೆವೆಲ್'. ಆಟ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್‌ಗೂ ಈ ತಲೆನೋವು ಇತ್ತು. ಪಾತ್ರದ ಬಲಕ್ಕೆ 'ರ‍್ಯಾಂಕ್', ಮಂತ್ರಕ್ಕೆ 'ಪವರ್' ಅಂತ ಬೇರೆ ಬೇರೆ ಹೆಸರಿಡುವ ಯೋಚನೆ ಮೊದಲು ಇತ್ತು ಅಂತ 1978ರ ಆಟಗಾರರ ಕೈಪಿಡಿಯಲ್ಲಿ ಬರೆದಿದ್ದಾರೆ. ಅಷ್ಟರಲ್ಲಿ 'ಲೆವೆಲ್' ಎಲ್ಲರ ಬಾಯಲ್ಲೂ ಕೂತಿತ್ತು, ಹಾಗೇ ಬಿಟ್ಟರು. ಕನ್ನಡದಲ್ಲಿ ನಿಮಗೆ ಆ ಕಟ್ಟು ಇಲ್ಲವಲ್ಲ! ಪಾತ್ರಕ್ಕೆ ಲೆವೆಲ್ ಇರಲಿ, ಮಂತ್ರಕ್ಕೆ ದರ್ಜೆ ಅನ್ನಿ. ಅರ್ಧ ಗೊಂದಲ ಅಲ್ಲೇ ಹೋಗುತ್ತದೆ.

ಇದಕ್ಕೆ ಯಾಕಿಷ್ಟು ಸಿಟ್ಟು ಅಂದರೆ, ನಾನೂ ಇದೇ ತಪ್ಪು ಮಾಡಿದವನು. ಕೆಲಸ ಕಲಿತದ್ದು ಈ ಊರಿನ ಒಂದು ಸಣ್ಣ ದಿನಪತ್ರಿಕೆಯಲ್ಲಿ. ಮೊದಲ ವರ್ಷ ಕೊಟ್ಟಿದ್ದು ಮಾರುಕಟ್ಟೆ ಧಾರಣೆ. ದಿನಾ ಎಪಿಎಂಸಿಗೆ ಸೈಕಲ್ ತುಳಿದು ರೇಟು ಬರೆದುಕೊಂಡು ಬರಬೇಕು. ಒಂದು ದಿನ ಎಲ್ಲದರ ರೇಟು ಚೀಲದ ಲೆಕ್ಕದಲ್ಲಿ ಬರೆದು, ಮೆಕ್ಕೆಜೋಳದ್ದು ಮಾತ್ರ ಕ್ವಿಂಟಲ್ ಲೆಕ್ಕದಲ್ಲಿ ಬರೆದುಬಿಟ್ಟೆ. ಮೇಲೆ 'ದರ' ಅಂತ ಒಂದೇ ಪದ. ಮರುದಿನ ಹರಪನಹಳ್ಳಿ ಕಡೆಯ ರೈತರೊಬ್ಬರು ಪೇಪರನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಆಫೀಸಿಗೇ ಬಂದರು. 'ಇದು ಚೀಲದ್ದೋ ಕ್ವಿಂಟಲಿದ್ದೋ ಸ್ವಾಮಿ? ಟೆಂಪೋ ಬಾಡಿಗೆ ಕೊಟ್ಟು ಬಂದೀನಿ.' ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಕೂಗಾಡಲೂ ಇಲ್ಲ. ನೀರು ಕುಡಿದು ಎದ್ದು ಹೋದರು.

ಇನ್ನೊಂದು ತಕರಾರು 'ಅಪಾರ' ಅನ್ನೋ ಪದದ ಮೇಲೆ. ಹನ್ನೊಂದು ಸಲ ಬಂದಿದೆ, ಎಣಿಸಿದ್ದೇನೆ. 'ಇಪ್ಪತ್ತನೇ ಲೆವೆಲ್‌ನ ಮಾಂತ್ರಿಕನಿಗೆ ಅಪಾರ ಮಂತ್ರಬಲವಿದೆ.' ಎಷ್ಟು? 2014ರ ಐದನೇ ಆವೃತ್ತಿಯ ಪಟ್ಟಿ ನೋಡಿ. ದಿನಕ್ಕೆ ಒಟ್ಟು 22 ಸ್ಲಾಟ್, ಅಂದರೆ ಮಂತ್ರ ಹಾಕುವ 22 ಅವಕಾಶ. ಅದರಲ್ಲಿ ಆರನೇ ದರ್ಜೆಯಿಂದ ಮೇಲಿನವು ಆರೇ ಆರು. ಒಂಬತ್ತನೆಯದು ಒಂದೇ ಒಂದು. ಅದು ಖರ್ಚಾದರೆ ಎಂಟು ಗಂಟೆ ಮಲಗಿ ಎದ್ದ ಮೇಲೇ ಮತ್ತೆ. ಈ ಲೆಕ್ಕ ಕೊಟ್ಟಿದ್ದರೆ ಓಬಣ್ಣ ಬಂಡೆ ಮೇಲೆ ನಿಂತು ಯಾಕೆ ಹಿಂದೆ ಮುಂದೆ ನೋಡುತ್ತಿದ್ದಾನೆ ಅಂತ ನನಗೇ ತಿಳಿಯುತ್ತಿತ್ತು.

ಮುಂದಿನ ಸಾಲು: 'ದೊಡ್ಡ ಸ್ಲಾಟ್‌ನಲ್ಲಿ ಹಾಕಿದರೆ ಫೈರ್‌ಬಾಲ್ ಅಪಾರ ಭೀಕರವಾಗುತ್ತದೆ.' ಅದು ಮೂರನೇ ದರ್ಜೆಯ ಮಂತ್ರ, ಪೆಟ್ಟು ಆರು ಮುಖದ ಎಂಟು ಡೈಸ್ ಉರುಳಿಸಿ ಬಿದ್ದಷ್ಟು. ಒಂದೊಂದು ದರ್ಜೆ ಏರಿದಂತೆ ಒಂದೊಂದು ಡೈಸ್ ಜಾಸ್ತಿ. ಒಂಬತ್ತನೇ ಸ್ಲಾಟ್ ಸುರಿದರೂ ಹದಿನಾಲ್ಕೇ. ಅದೇ ಸ್ಲಾಟ್‌ನಲ್ಲಿ ಮೀಟಿಯರ್ ಸ್ವಾರ್ಮ್ ಹಾಕಿದರೆ ನಲವತ್ತು! ದಿನದ ಒಂದೇ ಸ್ಲಾಟನ್ನು ಫೈರ್‌ಬಾಲ್‌ಗೆ ಹಾಕಿದ ಓಬಣ್ಣ ಭೀಕರನಲ್ಲ, ದಡ್ಡ.

ಕೊನೆಗೆ ಇದು: 'ವಿಶ್ ಮಂತ್ರದಿಂದ ಏನನ್ನು ಬೇಕಾದರೂ ಪಡೆಯಬಹುದು, ಅದರ ಶಕ್ತಿ ಅಪಾರ.' ನಮ್ಮ ಮಹಡಿಯಲ್ಲಿ ನಡೆದದ್ದು ಹೇಳುತ್ತೇನೆ. ಗುಂಪಿನ ಬಿಲ್ಲುಗಾರ್ತಿ ಸತ್ತು ಬಿದ್ದಿದ್ದಳು. ಅವಳನ್ನು ಬದುಕಿಸುವ ರಿಸರೆಕ್ಷನ್ ಏಳನೇ ದರ್ಜೆಯದು. ಅದಕ್ಕೆ ಸಾವಿರ ಚಿನ್ನದ ನಾಣ್ಯ ಬೆಲೆಯ ವಜ್ರ ಬೇಕು, ಒಂದು ಗಂಟೆ ಹೊತ್ತು ಬೇಕು. ಎರಡೂ ಇರಲಿಲ್ಲ. ವಿಶ್ ಮೂಲಕ ಎಂಟನೇ ದರ್ಜೆವರೆಗಿನ ಯಾವ ಮಂತ್ರವನ್ನಾದರೂ ನಕಲು ಮಾಡಬಹುದು. ವಜ್ರ ಬೇಡ, ಕಾಯೋದು ಬೇಡ, ಅಪಾಯವೂ ಇಲ್ಲ. ಆದರೆ ಮಾಂತ್ರಿಕನಾಗಿ ಆಡುತ್ತಿದ್ದ ನಮ್ಮ ಹುಡುಗನಿಗೆ ಅಷ್ಟಕ್ಕೆ ತೃಪ್ತಿಯಿಲ್ಲ. 'ಈ ಯುದ್ಧವೇ ನಡೆದಿರಬಾರದು' ಅಂದ. ಆಟ ನಡೆಸುವವನು ಒಪ್ಪಿದ. ಹಾಗೆ ಗೆರೆ ದಾಟಿ ಕೇಳಿದರೆ ಬೆಲೆ ಬೇರೆ. ಮುಂದಿನ ಎಂಟು ಗಂಟೆಯ ದೊಡ್ಡ ವಿಶ್ರಾಂತಿ ತನಕ ಯಾವ ಮಂತ್ರ ಹಾಕಿದರೂ, ಅದರ ದರ್ಜೆ ಎಷ್ಟೋ ಅಷ್ಟು ಹತ್ತು ಮುಖದ ಡೈಸ್ ಹಾಕಿ, ಬಿದ್ದಷ್ಟು ಪೆಟ್ಟು ತಾನೇ ತಿನ್ನಬೇಕು. ಮೈಬಲದ ಅಂಕ ಮೂರಕ್ಕೆ ಇಳಿಯುತ್ತದೆ, ನಾಲ್ಕು ಮುಖದ ಎರಡು ಡೈಸ್ ಹೇಳಿದಷ್ಟು ದಿನ. ಜೊತೆಗೆ ಇನ್ನೆಂದೂ ವಿಶ್ ಹಾಕಲು ಆಗದೇ ಹೋಗುವ ಸಾಧ್ಯತೆ ನೂರಕ್ಕೆ 33. ಹುಡುಗ ಡೈಸ್ ಹಿಡಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಯಾರೂ ಮಂಡಕ್ಕಿಗೆ ಕೈ ಹಾಕಲಿಲ್ಲ. ನೂರರ ಲೆಕ್ಕದಲ್ಲಿ ಬಿದ್ದದ್ದು 41, ಅಂದರೆ 33ರ ಮೇಲೆ. ವಿಶ್ ಉಳಿಯಿತು. ಮುಂದಿನ ಆರು ದಿನ ಅವನ ಮಂತ್ರದ ಪುಸ್ತಕವನ್ನು ಆ ಬಿಲ್ಲುಗಾರ್ತಿಯೇ ಹೊತ್ತುಕೊಂಡು ತಿರುಗಿದಳು.

ಧಾರಣೆ ಬರೆಯುವ ಕಾಲದಲ್ಲಿ ನಾನೊಮ್ಮೆ 'ಮೆಕ್ಕೆಜೋಳ ಗಗನಕ್ಕೆ' ಅಂತ ಹೆಡ್ಡಿಂಗ್ ಕೊಟ್ಟಿದ್ದೆ. ನಮ್ಮ ಹಿರಿಯರು ಕನ್ನಡಕದ ಮೇಲಿಂದ ನೋಡಿ ಕೇಳಿದ್ದು ಒಂದೇ: 'ಗಗನ ಅಂದ್ರೆ ಕ್ವಿಂಟಲಿಗೆ ಎಷ್ಟಪ್ಪಾ?'

ಮಂತ್ರದ ಮೇಲೆ ಗಮನ ಹಿಡಿದಿಡುವ ಕಾನ್ಸಂಟ್ರೇಶನ್, ಎದುರಾಳಿಯ ಮಂತ್ರ ತಡೆಯುವ ಕೌಂಟರ್‌ಸ್ಪೆಲ್, ಇವುಗಳ ಪುಟಗಳನ್ನು ನಾನು ಮುಟ್ಟಿಲ್ಲ. ಅವು ಹಾಗೇ ಇರಲಿ. ಹನ್ನೊಂದೂ 'ಅಪಾರ' ತೆಗೆದು, ಆ ಜಾಗದಲ್ಲಿ ಅಂಕಿಯನ್ನೋ ಒಂದು ಪೆಟ್ಟನ್ನೋ ಇಟ್ಟು ತಿಂಗಳೊಳಗೆ ಮತ್ತೆ ಕಳಿಸಿ. ದಾವಣಗೆರೆ ಕಡೆ ಬಂದರೆ ಭಾನುವಾರವೇ ಬನ್ನಿ. ಡೈಸ್ ನಿಮ್ಮದೇ ತನ್ನಿ. ನಮ್ಮದರಲ್ಲಿ ಒಂದು ಮಂಡಕ್ಕಿ ಪೊಟ್ಟಣದ ಜೊತೆ ಕಸಕ್ಕೆ ಹೋಗಿದೆ.