ವಾರ್ಸಾ ಒಪ್ಪಂದ ಯಾಕೆ ಹುಟ್ಟಿತು, ಆಮೇಲೆ ಏನಾಯಿತು?

ಮುಖ್ಯ ಕಾರಣ ಪಶ್ಚಿಮ ಜರ್ಮನಿ. ಎರಡನೇ ಮಹಾಯುದ್ಧ ಮುಗಿದು ಹತ್ತೇ ವರ್ಷಕ್ಕೆ, 1955ರ ಮೇ ತಿಂಗಳಲ್ಲಿ ಅದು ಅಮೆರಿಕ ನೇತೃತ್ವದ ಸೇನಾ ಕೂಟ ನ್ಯಾಟೋ ಸೇರಿತು. ಜರ್ಮನ್ನರ ಕೈಗೆ ಮತ್ತೆ ಬಂದೂಕು ಅಂದರೆ ಸೋವಿಯತ್ ಒಕ್ಕೂಟ ಸುಮ್ನೆ ಇರುತ್ತಾ? ಕೆಲವೇ ದಿನಗಳಲ್ಲಿ, ಮೇ 14ರಂದು, ಪೋಲೆಂಡಿನ ವಾರ್ಸಾದಲ್ಲಿ ಸೋವಿಯತ್ ಒಕ್ಕೂಟವೂ ಸೇರಿ ಪೂರ್ವ ಯುರೋಪಿನ ಎಂಟು ದೇಶಗಳು ಈ ಸೇನಾ ಒಪ್ಪಂದಕ್ಕೆ ಸಹಿ ಹಾಕಿದವು. ಕಾಗದದ ಮೇಲೆ ಎಲ್ಲರೂ ಸಮಾನರು. ಆದರೆ ಜಂಟಿ ಪಡೆಯ ಮುಖ್ಯಸ್ಥ ಕೊನೆಯವರೆಗೂ ಸೋವಿಯತ್ ಸೇನಾಧಿಕಾರಿಯೇ!

ವಿಚಿತ್ರ ಅಂದರೆ, ನ್ಯಾಟೋ ವಿರುದ್ಧ ಕಟ್ಟಿದ ಈ ಕೂಟ ಒಟ್ಟಾಗಿ ನುಗ್ಗಿದ್ದು ತನ್ನದೇ ಸದಸ್ಯ ದೇಶಕ್ಕೆ. 1968ರ ಆಗಸ್ಟ್ 20ರ ರಾತ್ರಿ ಚೆಕೊಸ್ಲೊವಾಕಿಯಾದ ಗಡಿಯನ್ನು ಟ್ಯಾಂಕುಗಳು ದಾಟಿದವು. ಅಲ್ಲಿನ ನಾಯಕ ದುಬ್ಚೆಕ್ ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಟ್ಟಿದ್ದು ಮಾಸ್ಕೋಗೆ ನುಂಗಲಾರದ ತುತ್ತಾಗಿತ್ತು. ರೊಮೇನಿಯಾ ಸೈನ್ಯ ಕಳಿಸಲಿಲ್ಲ. ಅಲ್ಬೇನಿಯಾ ಕೂಟವನ್ನೇ ಬಿಟ್ಟಿತು.

1991ರ ಜುಲೈ 1ರಂದು ಒಪ್ಪಂದ ರದ್ದಾಯಿತು, ಅದೂ ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ನಲ್ಲಿ. 1999ರಲ್ಲಿ, ಒಂದು ಕಾಲದಲ್ಲಿ ಇದೇ ಕೂಟದ ಭಾಗವಾಗಿದ್ದ ಪೋಲೆಂಡ್, ಹಂಗೇರಿ, ಚೆಕ್ ಗಣರಾಜ್ಯ ನ್ಯಾಟೋ ಸೇರಿದವು.