ಕಾರಿಗೆ 200 ಬಾರ್ ಬೇಕಾಗಿಲ್ಲ

ಮನೆಯಲ್ಲಿ ಕಾರು ತೊಳೆಯಲು 120 ಬಾರ್ (ನೀರಿನ ಒತ್ತಡದ ಅಳತೆ) ಪ್ರೆಶರ್ ವಾಷರ್ ಸಾಕಾ, 200ರದ್ದು ತಗೊಳ್ಳಲಾ ಅಂತ ಕೇಳಿದ್ದೀರಿ. 120 ಧಾರಾಳ ಸಾಕು. ಸುಮ್ನೆ ಜಾಸ್ತಿ ಬಾರ್ ನೋಡಿ ಮರುಳಾಗಬೇಡಿ. ನಿಮಿಷಕ್ಕೆ 6–7 ಲೀಟರ್ ನೀರು ಬಂದರೆ ಕೆಸರು ತಾನಾಗಿಯೇ ಜಾರುತ್ತದೆ.

ನಾಝಲ್ 40 ಡಿಗ್ರಿಯದ್ದು, ಅಂದರೆ ನೀರನ್ನು ಅಗಲವಾಗಿ ಹರಡುವಂಥದ್ದು ಹಾಕಿ, ಒಂದಡಿಗಿಂತ ದೂರ ಹಿಡಿಯಿರಿ. ನೀರು ಒಂದೇ ಸಣ್ಣ ಧಾರೆಯಾಗಿ ಚಿಮ್ಮುವ ಸೊನ್ನೆ ಡಿಗ್ರಿಯದ್ದನ್ನು ಕಾರಿನ ಹತ್ತಿರ ತರಲೇಬೇಡಿ. ನಾನೊಮ್ಮೆ ಒಣಗಿದ ಹಕ್ಕಿ ಹಿಕ್ಕೆ ಬಿಡಿಸಲು ಗನ್ನಿನ ಮೂತಿಯನ್ನು ಬಾನೆಟ್‌ಗೆ ತೀರಾ ಹತ್ತಿರ ಒಯ್ದೆ. ಹಿಕ್ಕೆ ಹೋಯಿತು, ಜೊತೆಗೆ ಮೊದಲೇ ಕಲ್ಲು ಬಡಿದು ಎದ್ದಿದ್ದ ಕಡೆ ಉಗುರಗಲ ಪೇಂಟ್ ಕೂಡ! ಅಂಥ ಹಿಕ್ಕೆಯನ್ನು ಶಾಂಪೂ ನೀರಲ್ಲಿ ನೆನೆಸಿ ತೆಗೆಯುವುದೇ ವಾಸಿ. ಟೈರಿನ ಪಕ್ಕ, ಸ್ಟಿಕರ್ ಅಂಚುಗಳ ಹತ್ತಿರವೂ ಹುಷಾರು.

ಮೊದಲು ನಲ್ಲಿ ತಿರುಗಿಸಿ, ಗನ್ ಒತ್ತಿ ಗಾಳಿ ಹೊರಹೋದ ಮೇಲೆ ಸ್ವಿಚ್ ಹಾಕಿ. ನೀರಿಲ್ಲದೆ ಓಡಿದರೆ ಪಂಪಿನ ಸೀಲ್ ಹಾಳಾಗುತ್ತದೆ.